ಹನಿ ತೊಟ್ಟಿಕ್ಕದ ಎಂಜಿನ್

ಅವನು ರಿಪೇರಿ ಮಾಡಿದ ಗಾಡಿಯ ಕೆಳಗೆ ಒಂದು ಹನಿ ಆಯಿಲ್ ಬಿದ್ದದ್ದನ್ನು ಕಂಡವರಿಲ್ಲ. ಅದಕ್ಕೇ ಜನ ಅವನನ್ನು ‘ಒಣನೆಲದ ಮೇಸ್ತ್ರಿ’ ಎನ್ನುತ್ತಿದ್ದರು. ಎಂಜಿನ್ನಿನ ಮೇಲ್ಮುಚ್ಚಳ ಕೂರಿಸುವ ಮುನ್ನ ಟ್ಯೂಬಿನಿಂದ ಸೋರಿಕೆ ತಡೆಯುವ ಪೇಸ್ಟ್ ಹಿಂಡಿ, ಮಗುವಿನ ಗಾಯಕ್ಕೆ ಮುಲಾಮು ಹಚ್ಚುವಂತೆ ಅಂಚಿಗೆಲ್ಲ ಬೆರಳಿನಿಂದ ಸವರುತ್ತಿದ್ದ.

ಅಂಥವನನ್ನು ಡ್ರೈವಿಂಗ್ ಕಲಿಸುವ ಹೆಂಗಸಿನ ಕಾರು ತಬ್ಬಿಬ್ಬು ಮಾಡಿತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆಯುವ ಆಕ್ಸಿಜನ್ ಸೆನ್ಸರ್ ಹಳತಾಗಿ ಕೆಟ್ಟಿತ್ತು. ಹೊಸದು ಹಾಕಿದ, ಇದೂ ಒಂದು ಆಗಿಹೋಗಲಿ ಎಂದು ಮೇಲ್ಮುಚ್ಚಳವನ್ನೂ ಬಿಚ್ಚಿ, ಪೇಸ್ಟ್ ಹಚ್ಚಿ ಕಳಿಸಿದ. ತಿಂಗಳಿಗೇ ಕಾರು ವಾಪಸು. ಮೀಟರ್ ಹಿಡಿದರೆ, ಏರಿಳಿಯಬೇಕಾದ ಅಂಕಿ ಒಂದೇ ಕಡೆ ಕೂತಿತ್ತು. ವೈರು ತಡಕಿದ, ಫ್ಯೂಸು ನೋಡಿದ, ಹೊಗೆಯ ಪೈಪಿನಲ್ಲಿ ಬಿರುಕು ಹುಡುಕಿದ. ಎಲ್ಲ ಸರಿಯಿತ್ತು. ಇನ್ನೊಂದು ಹಾಕಿದ, ಮೇಲ್ಮುಚ್ಚಳ ಬಿಚ್ಚಿ ಮತ್ತೆ ಪೇಸ್ಟ್ ಹಚ್ಚಿದ. ಅದೂ ಸತ್ತಿತು.

ತಲೆಬುಡ ತಿಳಿಯದೆ, ಸ್ಪೇರ್‌ಪಾರ್ಟ್ಸ್ ಅಂಗಡಿಯ ಭಾಮೈದನ ಮೇಲೆ ಸಿಟ್ಟು ತೀರಿಸಿಕೊಂಡ. ನಕಲಿ ಮಾಲು ಕೊಡುತ್ತೀಯೆಂದು ಗಿರಾಕಿಗಳ ಎದುರೇ ಅಂದುಬಿಟ್ಟ. ಭಾಮೈದ ದನಿಯೇರಿಸಲಿಲ್ಲ.

“ನಕಲಿ ಆಗಿದ್ರೆ ಎಲ್ಲ ಗ್ಯಾರೇಜಲ್ಲೂ ಸಾಯ್ಬೇಕಿತ್ತಲ್ಲ ಭಾವ? ನಿಮ್ಮ ಕೈಗೆ ಬಂದಾಗ್ಲೇ ಯಾಕೆ ಸಾಯುತ್ತೆ?”

ಅಂದಿಗೆ ಇಬ್ಬರ ಮಾತು ನಿಂತಿತು. ಗಂಡನಿಗೂ ತಮ್ಮನಿಗೂ ನಡುವೆ ಹೆಂಡತಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಮೇಸ್ತ್ರಿಗೆ ಮಾತ್ರ ಆ ಪ್ರಶ್ನೆ ಕಾಲಿನ ಮುಳ್ಳು. ನನ್ನ ಕೈಯಲ್ಲೇ ಯಾಕೆ?

ಸತ್ತ ಸೆನ್ಸರುಗಳನ್ನು ಊಟದ ಮೇಜಿನ ಮೇಲಿಟ್ಟು ಎಷ್ಟು ಹೊರಳಿಸಿದರೂ ಕಂಡದ್ದು ಅದೇ: ಮೂತಿಗೆ ಮೆತ್ತಿದ ಬಿಳಿ ಪುಡಿ. ಎಂಜಿನ್ನಿನಿಂದ ಮಸಿ ಬರಬಹುದು, ಬಿಳಿ ಎಲ್ಲಿಂದ ಬಂತು? ಆಗಲೇ, ಅವನ ಅಂಗಿ ಒಗೆಯಲು ಎತ್ತಿಕೊಂಡ ಹೆಂಡತಿಗೆ ಜೇಬಿನಲ್ಲಿ ಪೇಸ್ಟಿನ ಟ್ಯೂಬು ಸಿಕ್ಕಿತು. ಅದರ ಬೆನ್ನ ಮೇಲಿನ ಇರುವೆಸಾಲಿನಂಥ ಅಕ್ಷರಗಳನ್ನು ಕನ್ನಡಕವಿಟ್ಟು ಓದಿದಳು.

“ಆಕ್ಸಿಜನ್ ಸೆನ್ಸರ್ ಇರೋ ಎಂಜಿನ್‌ಗೆ ಹಚ್ಚಬೇಡಿ ಅಂತಿದೆಯಲ್ರೀ.”

ಪೇಸ್ಟಿನ ಆವಿ ಎಂಜಿನ್ನಿನೊಳಗೆ ಉರಿದು, ಬಿಳಿ ಪುಡಿಯಾಗಿ ಸೆನ್ಸರಿನ ಉಸಿರು ಕಟ್ಟಿಸಿತ್ತು. ಅಲ್ಲಿಯವರೆಗೆ ಅವನ ಕೈಗೆ ಬಂದವೆಲ್ಲ ಸೆನ್ಸರಿಲ್ಲದ ಹಳೇ ಗಾಡಿಗಳು. ಹೆಸರು ತಂದುಕೊಟ್ಟ ಬೆರಳನ್ನೇ ಅವನು ನೋಡುತ್ತ ಕೂತ. ಆದರೆ ಈ ಟ್ಯೂಬು ಮಾರಿದವನೂ ಭಾಮೈದನೇ ಅಲ್ಲವೇ? ತಪ್ಪು ಯಾರದೆಂಬುದು ಮತ್ತೆ ಗೋಜಲಾಯಿತು.

ಬೆಳಿಗ್ಗೆ ಅಂಗಡಿಗೆ ಹೋದ. ತಪ್ಪಾಯಿತೆನ್ನುವ ಮಾತೂ ನಿನ್ನದೂ ತಪ್ಪೆನ್ನುವ ಮಾತೂ ಒಂದಕ್ಕೊಂದು ಅಡ್ಡ ನಿಂತವು. ಟ್ಯೂಬನ್ನು ಮುಂದಿಟ್ಟು, ಸೆನ್ಸರಿಗೆ ಒಗ್ಗುವ ಪೇಸ್ಟ್ ಕೇಳಿದ. ಭಾಮೈದ ಅದರ ಬೆನ್ನನ್ನು ಎರಡು ಸಲ ಓದಿಕೊಂಡ.

“ಸೆನ್ಸರೂ ಬೇಕಾ ಭಾವ?”

“ಹೂಂ. ಅದೇ ಕೊಡು, ನಿನ್ನ ಹತ್ರ ಇರೋದು ಅಸಲೀದೇ,” ಎಂದ ಮೇಸ್ತ್ರಿ, ಹಿಂದೆ ನಿಂತ ಗಿರಾಕಿಗಳಿಗೂ ಕೇಳುವಷ್ಟು ಗಟ್ಟಿಯಾಗಿ.