ಅಳತೆ ಬ್ಲೌಸು

ತಂಗಿಯ ಮಗಳ ಮದುವೆಗೆ ಉಟ್ಟಿದ್ದ ಸೀರೆಯನ್ನು ಮೊನ್ನೆ ಬೀರುವಿನಿಂದ ತೆಗೆದಾಗ ಅದರ ಮಡಿಕೆಯಿಂದ ಒಂದು ಕಂದು ಬ್ಲೌಸು ಜಾರಿ ಬಿತ್ತು. ನುಸಿಗುಳಿಗೆಯ ವಾಸನೆ. ಒಳಹೊಲಿಗೆಯಲ್ಲಿ ಇನ್ನೂ ನೀಲಿ ಚಾಕ್‌ಪೀಸಿನ ಗೆರೆ... ಅದನ್ನು ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ.

ಶಿವಾಜಿನಗರದಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯ ಎದುರಿನ ಟೈಲರ್ ಮಾಸ್ಟರ್ ಹೊಲಿದದ್ದು. ಹೊಸ ಬ್ಲೌಸಿಗೆ ಬಟ್ಟೆ ಕೊಡುವಾಗ ಅಳತೆಗೆಂದು ಹಳೆಯದೊಂದನ್ನು ಕೊಡುವುದು ವಾಡಿಕೆ. ಇವರು ಮಾತ್ರ ಕೇಳುತ್ತಿರಲಿಲ್ಲ. ಎಲ್ಲರ ಅಳತೆಯೂ ತಲೆಯಲ್ಲೇ ಇರುತ್ತಿತ್ತು. ಎರಡು ಸಣ್ಣ ಸ್ಟ್ರೋಕ್ ಆದ ಮೇಲೆ, ಆ ಮದುವೆಯ ಬ್ಲೌಸಿಗೆ ಹೋದಾಗ, "ಟೀಚರಮ್ಮ, ಅಳತೆ ಬ್ಲೌಸ್ ತಂದಿದ್ದೀರಾ?" ಎಂದರು. ನನ್ನ ಮುಖ ನೋಡಲಿಲ್ಲ. ಈ ಕಂದು ಬ್ಲೌಸನ್ನೇ ತಂದುಕೊಟ್ಟೆ.

ಮಿದುಳಿಗೆ ರಕ್ತ ಸರಿಯಾಗಿ ಹೋಗದೆ ಮರೆವು ಬಂದಿದೆ ಎಂದರಂತೆ ಡಾಕ್ಟರು. ಮಾಸ್ಟರ್ ಮಗಳು ಆಸ್ಪತ್ರೆಯಿಂದ ಪುಟ್ಟ ಯಂತ್ರವೊಂದನ್ನು ತಂದಳು. ಕ್ಲಿಪ್ಪನ್ನು ಎಡಗಿವಿಗೆ ಸಿಕ್ಕಿಸಿದರೆ ಸಣ್ಣ ಕರೆಂಟು ಅಲ್ಲಿನ ನರ ಹಿಡಿದು ಮಿದುಳನ್ನು ಎಚ್ಚರಿಸುತ್ತದಂತೆ. ಸೂಜಿಯಿಲ್ಲ, ಕೊಯ್ಯುವುದಿಲ್ಲ. "ಇನ್ನೂ ಪರೀಕ್ಷೆ ಮಾಡ್ತಿದ್ದಾರೆ ಮಿಸ್, ಗ್ಯಾರಂಟಿ ಏನೂ ಕೊಟ್ಟಿಲ್ಲ," ಎಂದಳು ಅವಳು. ನನಗೆ ಅನುಮಾನ ಬರಲು ಅಷ್ಟೇ ಸಾಕಾಯಿತು. ಜನರ ಕಿವಿಗೆ ಹೂವಿಡುವವರನ್ನು ಬೇಕಾದಷ್ಟು ನೋಡಿದ್ದೆ. ಈ ಡಾಕ್ಟರು ಕ್ಲಿಪ್ಪು ಇಟ್ಟಿದ್ದಾರೆ ಎಂದುಕೊಂಡೆ.

ಎರಡು ತಿಂಗಳಾಗಿರಬೇಕು... ಹಸಿರು ಬಟ್ಟೆ ಕೊಟ್ಟೆ. ಮಾಸ್ಟರ್ ಅಳತೆಗೆ ಏನೂ ಕೇಳಲಿಲ್ಲ. ಬ್ಲೌಸು ಹೇಳಿ ಮಾಡಿಸಿದಂತೆ ಕೂತಿತು. "ನೆನಪಿತ್ತು ಟೀಚರಮ್ಮ, ತಾನಾಗೇ ಬಂತು," ಎಂದು ನಕ್ಕರು. ನಾನು ಸುಮ್ಮನಿರಬಹುದಿತ್ತು. ಅನುಮಾನ ಬಿಡಬೇಕಲ್ಲ.

"ನನ್ನ ಕಂದು ಬ್ಲೌಸ್ ನಿಮ್ಮ ಹತ್ರಾನೇ ಇದೆಯಲ್ಲ ಮಾಸ್ಟರ್. ಅದನ್ನ ನೋಡ್ಕೊಂಡು ಹೊಲ್ದಿರ್ತೀರಿ. ಆ ಮೆಷಿನ್ನಿಂದ ಏನೂ ಆಗಿಲ್ಲ."

ಅವರ ನಗು ಮಾಸಿತು. "ಹೌದಾ... ಇರ್ಬೇಕು," ಎಂದು ಕಿವಿಯ ಕ್ಲಿಪ್ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮಗಳು ಎಷ್ಟು ಬೇಡಿಕೊಂಡರೂ ಹಾಕಿಕೊಳ್ಳಲಿಲ್ಲ. "ಟೀಚರಮ್ಮ ಸುಳ್ಳು ಹೇಳಲ್ಲ," ಎಂದರಂತೆ. ವರ್ಷದೊಳಗೆ ಅವರಿಗೆ ನನ್ನ ಗುರುತೂ ಹತ್ತದಾಯಿತು. ಮೂರನೆಯ ಸ್ಟ್ರೋಕಿಗೆ ಹೋಗಿಬಿಟ್ಟರು.

ಮದುವೆಯ ಬ್ಲೌಸಿನ ಜೊತೆಗೇ ಕಂದು ಬ್ಲೌಸನ್ನು ಅವರು ವಾಪಸ್ ಕೊಟ್ಟಿದ್ದರು. ಸೀರೆಯೊಳಗೆ ಮಡಿಚಿಟ್ಟು ಮರೆತವಳು ನಾನು.

ಯಂತ್ರ ಕೆಲಸ ಮಾಡಿತ್ತೋ ಇಲ್ಲವೋ ಗೊತ್ತಿಲ್ಲ. ಅದರ ಮೇಲೆ ನನ್ನ ನಂಬಿಕೆ ಇವತ್ತಿಗೂ ಅಷ್ಟಕ್ಕಷ್ಟೇ. ಆದರೆ ಮಾಸ್ಟರಿಗೆ ಆವತ್ತು ನಿಜವಾಗಿಯೂ ನೆನಪಿತ್ತು. ಹಾಗೆಂದು ಅವರ ಮಗಳಿಗಾದರೂ ಹೇಳೋಣವೆಂದು ನಿನ್ನೆ ಶಾಲೆಯೆದುರಿನ ಆ ಗಲ್ಲಿಯವರೆಗೂ ಹೋಗಿದ್ದೆ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.