ಹಿತ್ತಾಳೆಯ ಹಿಂದೆ ಕೂತ ವೈಫೈ

ಐದು ತಿಂಗಳು ನಾನು ವೈಫೈ ಡಬ್ಬಿಗೆ ಪೂಜೆ ಮಾಡಿದ್ದೇನೆ. ಓದುವವರು ನಗುತ್ತೀರಿ ಎಂದು ಗೊತ್ತು. ನಗಿರಿ, ನಮ್ಮ ಮನೆಯವರು ಈಗಲೂ ನಗುತ್ತಾರೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ವಿಭೂತಿ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಡಬ್ಬಿಯ ಬೆನ್ನಿಗೂ ಹಚ್ಚುತ್ತಿದ್ದೆ. ಅದರ ಹಸಿರು ದೀಪಗಳು ಮಿಣಮಿಣ ಎನ್ನುತ್ತಿದ್ದವು. ಎಣ್ಣೆ ಬೇಡದ, ಬತ್ತಿ ಬೇಡದ ದೀಪ. ಕೈ ಮುಗಿಯದೆ ಹೇಗಿರಲಿ?

ಅದು ದೇವರ ಜಗಲಿಯನ್ನು ಸೇರಿದ್ದು ನಮ್ಮ ಮನೆಯ ಪದ್ಧತಿಯಿಂದ. ಜಹೀರಾಬಾದಿನ ನಮ್ಮ ಮನೆ ಹಳೆಯ ಕಲ್ಲಿನ ಮನೆ. ಗೋಡೆಗಳು ಮೊಳದಷ್ಟು ದಪ್ಪ. ಮೂಡಣ ಗೋಡೆಯಲ್ಲಿ ಒಂದು ಮಾಡ, ಅದೇ ದೇವರ ಜಗಲಿ. ಮನೆಗೆ ಹೊಸದೇನು ಬಂದರೂ ಮೊದಲು ಅಲ್ಲಿ ಒಂದು ರಾತ್ರಿ ಇರಬೇಕು. ಹೊಲದ ಮೊದಲ ಶುಂಠಿ ಗಡ್ಡೆ, ಹೊಸ ಸೀರೆ, ಮಗನ ಹತ್ತನೇ ತರಗತಿಯ ಅಂಕಪಟ್ಟಿ, ಎಲ್ಲವೂ ಅಲ್ಲಿ ಕೂತು ಎದ್ದವು. ವೈಫೈ ಹಾಕಲು ಬಂದ ಬಾಬುಮಿಯಾ, "ಎಲ್ಲಿ ಇಡ್ಲಿರಿ ಅಮ್ಮಾ?" ಎಂದಾಗ, "ಹೊಸಾದು ಅದ, ಮೊದ್ಲ ದೇವರ ಮುಂದ ಇಡೋಣು" ಎಂದೆ. ಪಾಪ, ಆ ಮನುಷ್ಯ ಹೊರಗಿನಿಂದಲೇ ಜಗಲಿಯವರೆಗೆ ತಂತಿ ಎಳೆದು, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ದೂರ ನಿಂತ. ನಾನೇ ಇಟ್ಟೆ. ಉಳಿದವೆಲ್ಲ ಮರುದಿನ ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದವು. ಇದಕ್ಕೆ ತಂತಿ ಇತ್ತಲ್ಲ, ಅಲ್ಲೇ ಉಳಿಯಿತು. ಅದರ ಮುಂದೆ ನಮ್ಮ ಅತ್ತೆಯ ಕಾಲದ, ಹಿಟ್ಟು ನಾದುವಷ್ಟು ಅಗಲದ ದೊಡ್ಡ ಹಿತ್ತಾಳೆ ಪರಾತ, ಎರಡು ತಾಟು, ತುಂಬಿದ ತಾಮ್ರದ ಬಿಂದಿಗೆ ಎಂದಿನಂತೆ ನಿಂತವು. ಅದೂ ತಣ್ಣಗೆ ಅವುಗಳ ಹಿಂದೆ ಕೂತಿತು, ಹೊಸ ಸೊಸೆ ಹಿರಿಯರ ಹಿಂದೆ ಕೂತಂತೆ.

ಈ ಡಬ್ಬಿ ಬಂದದ್ದೇ ಸೊಸೆಗಾಗಿ. ಮಹಾದೇವಿ ನಾರಾಯಣಖೇಡದವಳು. ಮೂರು ಭಾಷೆಯನ್ನು ಮೂರು ಜಡೆಯಂತೆ ಹೆಣೆದು ಮಾತಾಡುತ್ತಾಳೆ. ಕನ್ನಡ, ತೆಲುಗು, ದಖನಿ ಉರ್ದು, ಯಾರು ಯಾವುದರಲ್ಲಿ ಕೇಳಿದರೆ ಅದರಲ್ಲೇ ಉತ್ತರ. ಆ ಗುಣವೇ ಅವಳಿಗೆ ಕೆಲಸ ತಂದುಕೊಟ್ಟಿತು. ಹಳ್ಳಿಯ ಜನ ಫೋನು ಮಾಡಿ ಆರೋಗ್ಯದ ಬಗ್ಗೆ ಕೇಳುತ್ತಾರೆ, ಇವಳು ಮನೆಯಲ್ಲೇ ಕೂತು, ಡಾಕ್ಟರು ಬರೆದುಕೊಟ್ಟ ಪ್ರಕಾರ ಹೇಳುತ್ತಾಳೆ. ಆಫೀಸು ಹೈದರಾಬಾದಿನಲ್ಲಿ. ಇವಳ ಕುರ್ಚಿ ನಮ್ಮ ಹಿಂದಿನ ಕೋಣೆಯಲ್ಲಿ. ಮೊಮ್ಮಗಳು ಗೌರಿ ಅವಳ ಕಾಲ ಬಳಿ ಮಲಗಿರುತ್ತಾಳೆ. ಇದು ಹೇಗೆ ಸಾಧ್ಯ ಎಂದು ನಾನು ಕೇಳಿದ್ದೆ.

"ಗಾಳಿಯೊಳಗ ಅಲಿ ಅಲಿ ಆಗಿ ಹೋಗತದ್ರಿ ಅತ್ತೀ. ಕಣ್ಣಿಗಿ ಕಾಣಂಗಿಲ್ಲ. ನಮ್ಮ ಮೈಯ್ಯಾಗಿಂದನೂ ಹಾದು ಹೋಗತದ."

ಆಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಈಗ, ಈ ಹಿಟ್ಟಿನ ಕೈಯೊಳಗಿಂದ, ರಾಯಿಕೋಡಿನ ಯಾರದೋ ಕೆಮ್ಮು, ಯಾರದೋ ಬಸುರಿ ಮಗಳ ಚಿಂತೆ ಹಾದುಹೋಗುತ್ತಿರಬಹುದು! ಕಾಣದ್ದನ್ನು ನಂಬುವುದು ನನಗೆ ಹೊಸದಲ್ಲ, ಹುಟ್ಟಿದಾಗಿನಿಂದ ಅದೇ ಕಸುಬು. ಆದರೆ ಕಾಣದ್ದು ಇಷ್ಟು ಹತ್ತಿರ ಓಡಾಡುತ್ತದೆ ಎಂದು ತಿಳಿದದ್ದು ಆ ದಿನವೇ. ತಾಂಡೂರಿನ ನನ್ನ ತವರಿನಲ್ಲಿದ್ದ ಅಪ್ಪನ ರೇಡಿಯೊ ನೆನಪಾಯಿತು. ಕಲಬುರಗಿಯ ಕನ್ನಡ ಹಿಡಿಯಲು ಅಪ್ಪ ಮುಳ್ಳು ತಿರುವುತ್ತಾ ಬೆವರುತ್ತಿದ್ದರು. ಅವ್ವ ಬಂದು ರೇಡಿಯೊವನ್ನು ಎತ್ತಿ ಜೋಳದ ಕಣಜದ ಮೇಲೆ, ಕಿಟಕಿಗೆ ಓರೆಯಾಗಿ ಇಟ್ಟರೆ ಸಾಕು, ಕರಕರ ನಿಂತು ಹಾಡು ಬರುತ್ತಿತ್ತು. ಅವ್ವನಿಗೆ ಓದು ಬರಹ ಇರಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದಳು, ಅದರಲ್ಲಿ ರೇಡಿಯೊದ ಹಾಡೂ ಒಂದು. ಅವಳಿಂದ ಆ ಎಣಿಕೆ ನನಗೂ ಬಂದಿದೆ. ಮಹಾದೇವಿಯ ಕೆಲಸ ನನಗೆ ದಿನಾ ಒಂದು ಗೆಣ್ಣು.

ಆ ಗೆಣ್ಣಿಗೇ ಸಂಚಕಾರ ಬಂತು. ಮೊದಲ ವಾರದಿಂದಲೇ ಹಿಂದಿನ ಕೋಣೆಯಿಂದ ದಿನವಿಡೀ ಒಂದೇ ಮಾತು ಕೇಳತೊಡಗಿತು: "ಹಲೋ? ಹಲೋ? ಕೇಳಸ್ತದೇನ್ರಿ? ವಿನಿಪಿಸ್ತುಂದಾ?" ಬಾಬುಮಿಯಾ ಎರಡು ಸಲ ಬಂದ. ತಂತಿ ಬದಲಿಸಿದ, ಆರಿಸಿ ಹೊತ್ತಿಸಿದ. ಜಗಲಿಯ ಕಡೆ ನೋಡಿ ಗಡ್ಡ ತುರಿಸಿಕೊಂಡ.

"ಲೈನ್ ಬರಾಬರ್ ಅದರಿ ಅಮ್ಮಾ. ಮಷೀನ್ ಭೀ ಬರಾಬರ್ ಅದ. ಜಾಗಾ... ಜಾಗಾ ಭೀ ಬಹಳ ಛಲೋ ಅದ. ಆದ್ರ ಅದಕ್ಕ ಜರಾ ಖುಲ್ಲಾ ಇರಬೇಕು ನೋಡ್ರಿ."

ಖುಲ್ಲಾ ಇರಬೇಕು ಎಂದನಲ್ಲ, ನಾನು ಅಂದಿನಿಂದ ಜಗಲಿಯ ಪಕ್ಕದ ಕಿಟಕಿಯನ್ನು ತೆರೆದಿಟ್ಟೆ. ಡಬ್ಬಿಗೆ ಗಾಳಿ ಬೇಕಾಗಿರಬೇಕು ಎಂದುಕೊಂಡೆ. ಗಾಳಿಯ ಜೊತೆ ಅಳಿಲೂ ಬಂದು ನೈವೇದ್ಯದ ಸಕ್ಕರೆ ತಿಂದುಹೋಯಿತು. ಹಲೋ ಹಲೋ ಮಾತ್ರ ನಿಲ್ಲಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಮಹಾದೇವಿಗೆ ಹಿತ್ತಾಳೆಯ ಮೇಲೆ ಭಕ್ತಿ ಹುಟ್ಟಿತು. ಸೋಮವಾರ ಶಿವನ ವಾರವೆಂದು ಭಾನುವಾರ ಬೆಳಿಗ್ಗೆ ಜಗಲಿಯ ಸಾಮಾನೆಲ್ಲ ಹಿತ್ತಲಿಗೆ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕುವುದು ನನ್ನ ರೂಢಿ. ಬುಧವಾರವೇ ಇವಳು ಬಂದು, "ಅತ್ತೀ, ಪರಾತ ಜರಾ ಮಂಕಾಗ್ಯದ ಅನಸ್ತದಲ್ರಿ? ಇವತ್ತ ತೊಳೀತೀರೇನು?" ಎನ್ನುವಳು. ಗುರುವಾರ, "ತಾಟಿಗಿ ಕಲೆ ಬಿದ್ದಾವ್ರಿ" ಎನ್ನುವಳು. ನನಗೆ ಹಿಗ್ಗೇ ಹಿಗ್ಗು. ನಾರಾಯಣಖೇಡದಲ್ಲಿರುವ ಅವಳ ತಾಯಿಗೆ ಫೋನು ಮಾಡಿ, "ನಿಮ್ಮ ಮಗಳಿಗಿ ಶಿವ ಒಲಿದಾನ್ರಿ ಬೀಗತ್ಯಾರ" ಎಂದೂ ಹೇಳಿದೆ. ಎರಡು ಸಲ ವಾರದ ನಡುವೆಯೂ ತೊಳೆದೆ. ಇಂಥ ಸೊಸೆ ಯಾರಿಗುಂಟು ಎಂದು ಆ ಸಂಜೆಗಳಲ್ಲಿ ಒಂದು ಗೆಣ್ಣು ಹೆಚ್ಚೇ ಎಣಿಸಿದೆ.

ಆಮೇಲೆ ಆ ಶುಕ್ರವಾರ ಬಂತು. ಮಧ್ಯಾಹ್ನ ನಾನು ಕೋಣೆಗೆ ಚಹಾ ಒಯ್ದಾಗ ಮಹಾದೇವಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

"ಏನಾತವ್ವಾ?"

"ದೌಲತಾಬಾದ್ ಕಡಿಂದ ಒಬ್ಬಾಕಿ ಫೋನ್ ಮಾಡಿದ್ಳರಿ. ಕುರಿ ಕಾಯಾಕಿ. ಕೂಸಿಗಿ ಜ್ವರ ಅದ, ಬಾಟ್ಲಿ ಕೈಯಾಗ ಹಿಡದೀನಿ, ಎಷ್ಟ ಕುಡಸಲಿ ಅಂತ ಕೇಳಿದ್ಳು. ನಾ ಹೇಳೋದ್ರಾಗ ಕಟ್ ಆತು. ಪೂರಾ ಬಾಟ್ಲಿ ಕುಡಿಸಿಬಿಟ್ರ?"

ಅವಳು ಮತ್ತೆ ಮತ್ತೆ ಪ್ರಯತ್ನಿಸಿದಳು. ಕೊನೆಗೆ ಬೀದಿಗೆ ಹೋಗಿ, ಬೇವಿನ ಮರದ ಕೆಳಗೆ ನಿಂತು, ತನ್ನ ಸ್ವಂತ ಫೋನಿನಿಂದ ಆ ತಾಯಿಯನ್ನು ಹಿಡಿದಳು. ಆಕೆ ಬಾಟಲಿ ಹಿಡಿದುಕೊಂಡು ಕಾಯುತ್ತಲೇ ಇದ್ದಳಂತೆ. ಶಿವ ದೊಡ್ಡವನು. ಆದರೆ ಆಫೀಸಿನವರು ಅಷ್ಟಕ್ಕೆ ಬಿಡಲಿಲ್ಲ, ಬಿಡಬಾರದು ಕೂಡ. ಸೋಮವಾರ ಹತ್ತರಿಂದ ಹನ್ನೊಂದರವರೆಗೆ ಅವರು ಲೈನಿನಲ್ಲಿ ಕೂತು ಕೇಳುತ್ತಾರೆ. ಒಮ್ಮೆ ಕಡಿದರೂ ಇವಳು ಹೈದರಾಬಾದಿಗೆ ಬಂದು ಆಫೀಸಿನಲ್ಲೇ ಕೂರಬೇಕು, ಇಲ್ಲವೇ ಕೆಲಸ ಬಿಡಬೇಕು.

"ಬಿಡ್ತೀನಿ. ಗೌರಿ ಸಣ್ಣಾಕಿ ಅದಾಳ" ಎಂದಳು ಮಹಾದೇವಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ. ಆ ಕೆಲಸಕ್ಕೆ ಕೂರುವಾಗ ದಿನಾ ಹೊಸದಾಗಿ ಜಡೆ ಹಾಕಿಕೊಳ್ಳುತ್ತಿದ್ದಳು, ನೋಡುವವರು ಯಾರೂ ಇಲ್ಲದಿದ್ದರೂ.

ಭಾನುವಾರ ಬಂತು. ಅವಳಿಗೆ ಅಂದೂ ಕೆಲಸ. ನಾನು ಹಿತ್ತಲಲ್ಲಿ ಪರಾತ ತಿಕ್ಕುತ್ತಾ ಕೂತಿದ್ದೆ. ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಅವಳ ಮಾತು ಹೊಳೆಯಂತೆ ಹರಿದುಬರುತ್ತಿತ್ತು. ಒಬ್ಬ ಮುದುಕನಿಗೆ ಸಕ್ಕರೆ ಕಾಯಿಲೆಯ ಪಥ್ಯ ಹೇಳಿದಳು, ಮೊಗುಡಂಪಲ್ಲಿಯ ಯಾರೋ ಬಸುರಿಗೆ ಧೈರ್ಯ ಹೇಳಿದಳು. ಒಂದೂ ಹಲೋ ಇಲ್ಲ. ದೇವರೇ, ನಾಳೆಯೂ ಹೀಗೇ ಇರಲಪ್ಪ ಎಂದುಕೊಂಡು, ಹೊಳೆಯುವ ಪರಾತ ಒಯ್ದು ಜಗಲಿಯಲ್ಲಿ ನಿಲ್ಲಿಸಿದೆ.

"ಹಲೋ? ಹಲೋ?"

ಪರಾತ ಓರೆಯಾಗಿತ್ತು, ಸರಿಮಾಡಲು ಎತ್ತಿದೆ. ಕೋಣೆಯಿಂದ ಮಾತು ಮತ್ತೆ ಹರಿಯಿತು. ಇಟ್ಟೆ. ಹಲೋ ಹಲೋ. ಎತ್ತಿದೆ. ಮಾತು. ಪರಾತವನ್ನು ಎದೆಗವಚಿಕೊಂಡು ಹಾಗೇ ನಿಂತೆ. ಮೊಳ ದಪ್ಪದ ಕಲ್ಲನ್ನೂ ಅಷ್ಟೋ ಇಷ್ಟೋ ದಾಟುತ್ತಿದ್ದ ಆ ಕಾಣದ ಅಲೆ, ನಾನು ವಾರ ವಾರ ಮುತ್ತಿನಂತೆ ತಿಕ್ಕಿ ಹೊಳೆಸುತ್ತಿದ್ದ ಈ ಹಿತ್ತಾಳೆಗೆ ತಲೆ ಚಚ್ಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ದೌಲತಾಬಾದಿನ ತಾಯಿ ಬಾಟಲಿ ಹಿಡಿದು ನಿಂತದ್ದು ನನ್ನ ಭಕ್ತಿಯ ಆಚೆ.

ಕರೆ ಮುಗಿಸಿ ಹೊರಗೆ ಬಂದ ಮಹಾದೇವಿ, ಪರಾತ ಅವಚಿ ನಿಂತ ನನ್ನನ್ನು ನೋಡಿದಳು. ನೋಡಿದ ರೀತಿಯಲ್ಲೇ ನನಗೆ ತಿಳಿಯಿತು.

"ನಿನಗ ಮೊದ್ಲೇ ಗೊತ್ತಿತ್ತಲ್ಲಾ?"

ತಲೆ ಬಗ್ಗಿಸಿದಳು. "ಎರಡು ತಿಂಗಳಾತ್ರಿ. ನೀವು ಭಾಂಡೆ ತೊಳಿಯೋ ಹೊತ್ತಿಗಿ ಮಾತ್ರ ಲೈನ್ ಛಲೋ ಇರ್ತಿತ್ತು."

"ಅದಕ್ಕ ಬುಧವಾರ ಮಂಕಾಗ್ಯದ, ಗುರುವಾರ ಕಲೆ ಬಿದ್ದಾವ ಅಂತ ಹಿಂದ ಬಿದ್ದಿದ್ದಿ!"

ಅವಳಿಗೆ ನಗುವೂ ಬಂತು, ಅಳುವೂ ಬಂತು. "ದಿನಾ ಅದಕ್ಕ ವಿಭೂತಿ ಹಚ್ತಿದ್ರಿ. ನಿಮ್ಮ ದೇವರು ನನ್ನ ನೌಕರಿಗಿ ಅಡ್ಡ ಬಂದಾನ ಅಂತ ಯಾವ ಬಾಯಿಲೆ ಹೇಳಲ್ರಿ ಅತ್ತೀ?"

ನಾಲ್ಕು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದವರು ನಾವು. ಮಗು ಹೆತ್ತಾಗ ಅವಳ ತಲೆಗೆ ಎಣ್ಣೆ ಹಚ್ಚಿದವಳು ನಾನು. ಆದರೂ ಇಷ್ಟು ಚಿಕ್ಕ ಮಾತು ಕೋಣೆಯಿಂದ ಜಗಲಿಯವರೆಗೆ ಬರಲಾರದೆ ಹೋಯಿತು. ನಾನೇನೂ ಗದರುವ ಅತ್ತೆಯಲ್ಲ ಎಂದು ನನ್ನ ಬಗ್ಗೆ ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಡಬ್ಬಿಯನ್ನು ನಾನೇ ಜಗಲಿಯಿಂದ ಇಳಿಸಿದೆ. ಶಿವಾ, ಕೂಡಿಸಿದವಳೂ ನಾನೇ, ಎಬ್ಬಿಸುವವಳೂ ನಾನೇ, ತಪ್ಪಿದ್ದರೆ ನನ್ನದು ಎಂದೆ. ನನಗೇನೋ ಅವನಿಗೂ ಜಾಗ ಸ್ವಲ್ಪ ಸಡಿಲಾದಂತೆ ಕಂಡಿತು.

ಫೋನು ಮಾಡಿದ ಅರ್ಧ ಗಂಟೆಗೆ ಬಾಬುಮಿಯಾ ಬಂದ. "ನಿನಗೂ ಗೊತ್ತಿತ್ತೇನಪ್ಪಾ?" ಎಂದೆ.

"ತೌಬಾ, ದೇವರ ಸಾಮಾನ ಸರಸ್ರಿ ಅಂತ ನಾ ಹೆಂಗ ಹೇಳಲಿ ಅಮ್ಮಾ? ಇಷಾರಾ ಮಾಡಿದ್ದೆ. ನೀವು ಕಿಡಕಿ ತೆಗದ್ರಿ!"

ಜಾಗ ಹುಡುಕಲು ನಾವು ಮೂವರೂ ಹೊರಟೆವು. ಉದ್ದ ತಂತಿ ಕಟ್ಟಿದ ಡಬ್ಬಿಯನ್ನು ಅವನು ಹಿಡಿದು ನಿಲ್ಲುವುದು, ಮಹಾದೇವಿ ಫೋನು ನೋಡುತ್ತಾ ಕೋಣೆ ಕೋಣೆ ಸುತ್ತುವುದು. ನಾನು ಅವಳ ಹಿಂದೆ ಪ್ರದಕ್ಷಿಣೆ. ಕನ್ನಡಿಯ ಕಪಾಟಿನ ಹತ್ತಿರ ಬೇಡವಂತೆ, ನೀರಿನ ಟಾಕಿಯ ಪಕ್ಕ ಬೇಡವಂತೆ, ನೆಲದ ಮೇಲಂತೂ ಬೇಡವೇ ಬೇಡ. ಮನೆಯ ನಟ್ಟನಡುವೆ, ಎತ್ತರದಲ್ಲಿ, ಸುತ್ತ ಏನೂ ಇಲ್ಲದ ಕಡೆ ಇರಬೇಕಂತೆ. ನಾನು ತಲೆ ಎತ್ತಿ ನೋಡಿದೆ. ನಡುಮನೆಯ ತೊಲೆಯಿಂದ ನಮ್ಮ ಅತ್ತೆಯ ನೆಲುವು ಇಳಿಬಿದ್ದಿತ್ತು. ಬೆಕ್ಕಿಗೆ ಎಟುಕದಂತೆ ಹಾಲು ಮೊಸರಿನ ಗಡಿಗೆ ತೂಗುಹಾಕುತ್ತಿದ್ದ ಹಗ್ಗದ ಬುಟ್ಟಿ ಅದು. ಫ್ರಿಜ್ಜು ಬಂದಮೇಲೆ ಖಾಲಿ. ತೆಗೆಯಲು ಮನಸ್ಸು ಬಾರದೆ ಬಿಟ್ಟಿದ್ದೆ. ನಡುವೆ, ಎತ್ತರ, ಸುತ್ತ ಏನೂ ಇಲ್ಲ. ಆ ಮಹಾತಾಯಿ ವೈಫೈ ಎಂಬ ಹೆಸರು ಹುಟ್ಟುವ ಮೊದಲೇ ಅದಕ್ಕೆ ತೊಟ್ಟಿಲು ಕಟ್ಟಿಟ್ಟಿದ್ದಳು!

ನೆಲುವಿನಲ್ಲಿ ಕೂರಿಸಿ ಬಾಬುಮಿಯಾ ಇನ್ನೂ ಏನೇನೋ ಹದ ಮಾಡಿದ. ಓಣಿಯ ಮನೆಗಳ ಡಬ್ಬಿಗಳೆಲ್ಲ ಒಂದೇ ದಾರಿಯಲ್ಲಿ ಬಂಡಿ ಹೊಡೆಯುತ್ತಿದ್ದವಂತೆ, ನಮ್ಮದನ್ನು ಖಾಲಿ ದಾರಿಗೆ ತಿರುಗಿಸಿದ. ಇದರೊಳಗೆ ಎರಡು ನಡಿಗೆಗಳಿವೆ ಎಂದ. ಒಂದು ನಿಧಾನ, ಆದರೆ ದೂರ ಹೋಗುತ್ತದೆ. ಇನ್ನೊಂದು ಭಾರಿ ಜೋರು, ಎರಡು ಗೋಡೆ ದಾಟುವುದರಲ್ಲಿ ಸುಸ್ತು. ಥೇಟ್ ನಾನು ಮತ್ತು ನಮ್ಮ ಮನೆಯವರು. ಅವಳ ಕೋಣೆಗೆ ನಿಧಾನದ್ದನ್ನೇ ಕಟ್ಟಿಕೊಟ್ಟ. ಬೀಜದ ಅಂಗಡಿಯಿಂದ ಊಟಕ್ಕೆ ಬಂದ ನಮ್ಮ ಮನೆಯವರು ಮೇಲೆ ನೋಡಿ, "ಏನಿದು, ಹೆಪ್ಪು ಹಾಕೀರೇನು? ಮುಂಜಾನಿತನಾ ಮೊಸರಾಗತದೇನು ನೋಡೋಣು" ಎಂದರು.

ಸೋಮವಾರ ಹತ್ತಕ್ಕೆ ಮಹಾದೇವಿ ಜಡೆ ಹಾಕಿಕೊಂಡು ಕೂತಳು. ನಾನು ಗೌರಿಯನ್ನು ಮಡಿಲಲ್ಲಿಟ್ಟುಕೊಂಡು ನೆಲುವಿನ ಕೆಳಗೆ ಕೂತೆ. ಕುಕ್ಕರು ಇಡಲಿಲ್ಲ, ಮಿಕ್ಸರು ಹಾಕಲಿಲ್ಲ. ಮೇಲೆ ಹಸಿರು ದೀಪ ಮಿಣುಕುತ್ತಿತ್ತು. ನಮ್ಮ ತಲೆಯ ಮೇಲಿಂದ, ಮೈಯೊಳಗಿಂದ, ನಿದ್ದೆ ಹೋದ ಈ ಮಗುವಿನ ಎಳೆಯ ಎಲುಬಿನೊಳಗಿಂದ, ಎಷ್ಟೋ ಊರುಗಳ ನೋವು ಅವಳ ಕೋಣೆಗೆ ಹೋಗುತ್ತಿತ್ತು, ಸಮಾಧಾನವಾಗಿ ಮರಳುತ್ತಿತ್ತು. ಮುಟ್ಟದೆ, ಸದ್ದಿಲ್ಲದೆ. ಹನ್ನೊಂದು ಹೊಡೆದಾಗ ಬಾಗಿಲು ತೆರೆಯಿತು. ಅವಳು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ, "ಇಲ್ಲೇ ಇರಂದ್ರು ಅತ್ತೀ" ಎಂದಳು.

ಈಗ ಡಬ್ಬಿಗೆ ವಿಭೂತಿ ಹಚ್ಚುವುದಿಲ್ಲ. ಅದಕ್ಕೆ ಬೂದಿ ಒಳ್ಳೆಯದಲ್ಲವೆಂದು ಮಹಾದೇವಿಯೇ ಹೇಳಿದಳು, ಬಾಯಿ ಬಿಟ್ಟು ಹೇಳಿದಳು.

ಮೊನ್ನೆ ಇನ್ನೊಂದು ನಡೆಯಿತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಒಂದು ತುತ್ತು ಬಾಯಿಗಿಟ್ಟವಳೇ ಮಹಾದೇವಿ ಅಂದಳು, "ಅತ್ತೀ, ನಿಮ್ಮ ಬ್ಯಾಳಿಗಿ ಉಪ್ಪು ಭಾಳ ಆಗ್ಯದ್ರಿ. ಇವತ್ತಲ್ಲ, ದಿನಾ ಆಗತದ."

ನಮ್ಮ ಮನೆಯವರ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತು. ನಾಲ್ಕು ವರ್ಷ ಅವಳು ಆ ಬೇಳೆಯನ್ನು ತಿಂದಿದ್ದಾಳೆ, ಬಡಿಸಿದಷ್ಟೂ ತಿಂದಿದ್ದಾಳೆ. ನಾನು ಎದ್ದು ಅಡುಗೆಮನೆಗೆ ಹೋಗಿ, ಬೇಳೆಗೆ ಒಂದು ಲೋಟ ಬಿಸಿನೀರು ಸುರಿದು, ಕುದಿಯಲು ಬಿಟ್ಟು ನಿಂತೆ. ಆ ಸಂಜೆ ದೀಪ ಹಚ್ಚುವ ಮುಂಚೆ ಬೆರಳು ಮಡಿಸುವಾಗ ಉಪ್ಪನ್ನೇ ಮೊದಲ ಗೆಣ್ಣಿಗೆ ಎಣಿಸಿದೆ.