ಗುಡ್ಡಪ್ಪಜ್ಜನ ಎಡಮಗ್ಗಲು

ಗುಡ್ಡಪ್ಪಜ್ಜನ ಎದೆ ತಟ್ಟಿ ತಟ್ಟಿ ಒಂಬತ್ತು ಬ್ಯಾಚಿನ ಮಕ್ಕಳು ಪಾಸಾಗಿದ್ದಾರೆ. ಅವರಲ್ಲಿ ಕೆಲವರು ಈಗ ದೊಡ್ಡ ದೊಡ್ಡ ಆಸ್ಪತ್ರೆಗಳ ಐಸಿಯುನಲ್ಲಿ ಕೆಲಸಕ್ಕಿದ್ದಾರೆ. ಒಬ್ಬರಾದರೂ ಫೋನ್ ಮಾಡಿ, "ಆ ಅಜ್ಜ ಹೇಗಿದ್ದಾರೆ ಮೇಡಂ?" ಎಂದು ಕೇಳಿದ್ದುಂಟಾ? ಇಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಅದನ್ನೇ ಹೇಳಲು ಕೂತಿದ್ದೇನೆ.

ನಾನು ಯಾಸ್ಮಿನ್. ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ರೆಸ್ಪಿರೇಟರಿ ಥೆರಪಿಸ್ಟ್. ಹಾಗಂದರೆ ನಮ್ಮ ಓಣಿಯವರಿಗೆ ಇವತ್ತಿಗೂ ಅರ್ಥವಾಗುವುದಿಲ್ಲ, "ದಮ್ಮಿನ ನರ್ಸ್" ಎನ್ನುತ್ತಾರೆ. ನರ್ಸ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ಹೂಂ ಅಂದುಬಿಡುತ್ತೇನೆ. ಉಸಿರಿಗೆ ಒದ್ದಾಡುವವರಿಗೆ ಆಕ್ಸಿಜನ್ ಕೊಡುವುದು, ನೆಬ್ಯುಲೈಜರ್ ಇಡುವುದು, ವೆಂಟಿಲೇಟರ್ ನೋಡಿಕೊಳ್ಳುವುದು ನನ್ನ ಕೆಲಸ. ಸಾಲದ್ದಕ್ಕೆ ಇದೇ ಕೋರ್ಸ್ ಓದುವ ಮಕ್ಕಳಿಗೆ ರೋಗಿಯನ್ನು ಪರೀಕ್ಷಿಸುವುದು ಹೇಗೆಂದು ಕಲಿಸುವುದನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಮೂರು ಜನದ ಕೆಲಸಕ್ಕೆ ನಾನೊಬ್ಬಳು. ಸಂಜೆ ಮನೆಗೆ ಹೋದರೆ ಚಪ್ಪಲಿ ಬಿಚ್ಚುವುದಕ್ಕೂ ಬೇಜಾರು.

ಗುಡ್ಡಪ್ಪಜ್ಜ ಐಮಂಗಲದ ಆಚೆಯ ಒಂದು ಹಳ್ಳಿಯವನು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನು. ಊರಿನ ಡೊಳ್ಳಿನ ಮೇಳದಲ್ಲಿ ಇಪ್ಪತ್ತು ವರ್ಷ ಡೊಳ್ಳು ಬಾರಿಸಿದವನು. ಇದರ ಜೊತೆಗೆ ಬೀಡಿ. ದಿನಕ್ಕೆ ಎಷ್ಟು ಎಂದು ಕೇಳಿದರೆ, "ಕುರಿ ಲೆಕ್ಕ ಇಟ್ಟೀನಿ, ಬೀಡಿ ಲೆಕ್ಕ ಇಟ್ಟಿಲ್ಲ" ಎನ್ನುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಅವನ ಹೆಂಡತಿ ಏಕನಾಥಮ್ಮ ಮೊದಲ ಸಲ ಅವನನ್ನು ಕರೆತಂದಾಗ, ಅಜ್ಜ ಮಂಚದ ಅಂಚಿನಲ್ಲಿ ಕೂತು, ಕೋಲನ್ನು ನೆಲಕ್ಕೆ ಊರಿ, ಎರಡೂ ಕೈಯಿಂದ ಅದನ್ನು ಹಿಡಿದು ಮುಂದಕ್ಕೆ ಬಾಗಿದ್ದ. ಹೆಗಲ ಮೇಲೆ ಕಂಬಳಿ. ಯಾಕೆ ಹೀಗೆ ಕೂತಿದ್ದಾರೆ ಎಂದು ಕೇಳಿದೆ.

"ಕುರಿ ಕಾಯೋರು ಹಿಂಗೇ ಕುಂತ್ಕಳ್ಳದು ಕಣವ್ವ, ಅಭ್ಯಾಸ. ಎರಡು ವರ್ಷದಿಂದ ಮನಿಕ್ಕಳಾದೂ ಹಿಂಗೇ, ಕುಂತ್ಕಂಡೇ," ಎಂದಳು ಏಕನಾಥಮ್ಮ.

ಕೂತುಕೊಂಡೇ ಮಲಗುವ ಅಭ್ಯಾಸ ಯಾರಿಗಾದರೂ ಇರುತ್ತದೆಯೇ? ನಾನು ಕಂಬಳಿ ಸರಿಸಿದೆ. ಉಸಿರು ಎಳೆದಾಗಲೆಲ್ಲ ಕೊರಳಿನ ಸ್ನಾಯುಗಳು ಹಗ್ಗದಂತೆ ಬಿಗಿಯುತ್ತಿದ್ದವು, ಹೆಗಲೆಲುಬಿನ ಮೇಲಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಮೂರು ಮಾತಿಗೊಮ್ಮೆ ನಿಲ್ಲುತ್ತಿದ್ದ. ಒಲೆ ಊದುವವರಂತೆ ತುಟಿ ಚೂಪು ಮಾಡಿ ಉಸಿರು ಬಿಡುತ್ತಿದ್ದ. ಉಸಿರು ಸಾಲದವರು ತಮಗೆ ಗೊತ್ತಿಲ್ಲದೆಯೇ ಹೀಗೆ ಬಾಗಿ ಕೂರುತ್ತಾರೆ. ಕುರುಬನಾದ್ದರಿಂದ ಊರೆಲ್ಲ ಅದನ್ನು ಅಭ್ಯಾಸ ಅಂದುಕೊಂಡಿತ್ತು. ಅವತ್ತು ನಾನು ಕಣ್ಣು ಬಿಟ್ಟು ನೋಡಿದ್ದೆ. ಆಗಿನ್ನೂ ಹೊಸಬಳು, ನೋಡುವಷ್ಟು ಪುರುಸೊತ್ತಿತ್ತು, ಆಸೆಯೂ ಇತ್ತು.

ಅಲ್ಲಿಂದ ಅಜ್ಜ ನಮ್ಮ ವಾರ್ಡಿನವನೇ ಆದ. ಚಳಿ ಬಂದರೆ ಬಂದ, ಗಾಳಿ ಎದ್ದರೆ ಬಂದ. ಕುರಿ ಮಾರಿದ ಮೇಲಂತೂ ಮಕ್ಕಳಿಗೆ ಕಲಿಸಲು ಬೇಕೆಂದಾಗ ಹೇಳಿ ಕಳಿಸಿದರೆ ಸಾಕು, ಏಕನಾಥಮ್ಮನ ಜೊತೆ ಬಸ್ಸು ಹತ್ತಿ ಬರುತ್ತಿದ್ದ. ಅವನು ಕೇಳುತ್ತಿದ್ದದ್ದು ಒಂದು ಟೀ, ಸಕ್ಕರೆ ಜಾಸ್ತಿ.

ಒಂದು ಸತ್ಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಾರ್ಡಿನಲ್ಲಿ ನಲವತ್ತು ಜನ ಮಲಗಿದ್ದರೆ, ನಮ್ಮ ಮಕ್ಕಳ ಪ್ರಕಾರ ನಲವತ್ತೂ ಜನ ನಿಮಿಷಕ್ಕೆ ಇಪ್ಪತ್ತೇ ಸಲ ಉಸಿರಾಡುತ್ತಾರೆ! ಸಾಯುತ್ತಿರುವವನೂ ಇಪ್ಪತ್ತು, ಹೆರಿಗೆಗೆ ಬಂದವಳೂ ಇಪ್ಪತ್ತು. ಯಾರೂ ಎಣಿಸುವುದಿಲ್ಲ. ಒಂದು ಸಲ ಹೀಗೆ ನಾನು ಕಿರುಚಾಡುತ್ತಿದ್ದಾಗ ಅಜ್ಜ ಮಂಚದಿಂದಲೇ ಹೇಳಿದ:

"ಕುರಿಗೆ ಕಾಯಿಲೆ ಐತಾ ಇಲ್ವಾ ಅಂತ ನೋಡಾಕೆ ಹತ್ರ ಹೋಗಬಾರ್ದು ಕಣ್ರಪ್ಪ. ಹತ್ರ ಹೋದ್ರೆ ಬೆದರ್ತೈತೆ, ಉಸಿರು ಜೋರಾಗ್ತೈತೆ. ದೂರ ನಿಂತ್ಕಂಡು ಪಕ್ಕೆ ನೋಡ್ಬೇಕು. ಅದಕ್ಕೆ ಗೊತ್ತಾಗಬಾರ್ದು."

ಪುಸ್ತಕದಲ್ಲಿರುವುದೂ ಅದೇ. ರೋಗಿಗೆ ಗೊತ್ತಾಗದಂತೆ, ನಾಡಿ ಹಿಡಿದಂತೆ ನಟಿಸುತ್ತಾ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ನಾನು ಎರಡು ವರ್ಷ ಹೇಳಿದ್ದು ತಲೆಗೆ ಹೋಗದವರಿಗೆ ಅಜ್ಜನ ಕುರಿಯಿಂದ ಒಂದೇ ದಿನಕ್ಕೆ ಹೋಯಿತು.

ಬೆರಳ ಮೇಲೆ ಬೆರಳಿಟ್ಟು ಎದೆ ತಟ್ಟುವುದನ್ನು ಕಲಿಸುವಾಗಂತೂ ಅಜ್ಜನಿಗೆ ನಗು. ಒಳಗೆ ಗಾಳಿ ಹೆಚ್ಚಿದ್ದರೆ ಟೊಳ್ಳು ಸದ್ದು, ನೀರು ತುಂಬಿದ್ದರೆ ಮಂದ ಸದ್ದು. ಬಲಗಡೆ ತಟ್ಟಿದ ಜಾಗವನ್ನೇ ಎಡಗಡೆಯೂ ತಟ್ಟಿ ಹೋಲಿಸಬೇಕು. ಅಜ್ಜ ಕೇಳಿಸಿಕೊಂಡು ಹೇಳಿದ: "ಡೊಳ್ಳಿನ ಎರಡು ಮಗ್ಗಲೂ ಒಂದೇ ಥರ ನುಡಿದ್ರೆ ಡೊಳ್ಳು ಕೆಟ್ಟೈತೆ ಅಂತ. ಎದೆ ಎರಡು ಮಗ್ಗಲು ಬ್ಯಾರೆ ಬ್ಯಾರೆ ನುಡಿದ್ರೆ ಎದೆ ಕೆಟ್ಟೈತೆ ಅಂತ. ಇಷ್ಟೇ ತಾನೆ ನಿಮ್ಮ ವಿದ್ಯೆ?"

ಇಷ್ಟೇ ಅಜ್ಜ, ಎಂದಿದ್ದೆ. ಎಲ್ಲರೂ ನಕ್ಕಿದ್ದರು.

ವರ್ಷಗಳು ಕಳೆದಂತೆ ಅಜ್ಜನಿಗೆ ತನ್ನ ಎದೆಯ ಪಾಠ ಬಾಯಿಪಾಠವಾಯಿತು. ಮಕ್ಕಳು ಏನು ಕಂಡುಹಿಡಿಯಬೇಕು, ನಾನು ಏನು ಕೇಳುತ್ತೇನೆ, ಎಲ್ಲ ಗೊತ್ತು. ಪರೀಕ್ಷೆಯ ದಿನ ತಡವರಿಸುವ ಮಕ್ಕಳನ್ನು ಕಂಡರೆ ಅವನಿಗೆ ಕರುಳು ಚುರ್ರೆನ್ನುತ್ತಿತ್ತು. ನಾನು ಆ ಕಡೆ ತಿರುಗಿದ ಕೂಡಲೇ, "ಎರಡೂ ಕಡೆ ಸೀಟಿ ಅನ್ನವ್ವ" ಎಂದು ಪಿಸುಗುಡುತ್ತಿದ್ದ. ಉಸಿರ ಕೊಳವೆ ಕಿರಿದಾದಾಗ ಬರುವ ಸದ್ದಿಗೆ ಅವನಿಟ್ಟ ಹೆಸರು ಸೀಟಿ. ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೇಳಿಸದವಳಂತೆ ಇರುತ್ತಿದ್ದೆ. ಬೇಗ ಮುಗಿದರೆ ಸಾಕಾಗಿತ್ತು.

ನನ್ನದು ಇನ್ನೂ ದೊಡ್ಡ ತಪ್ಪು. ಕೇಸ್ ಶೀಟಿನ ಮೊದಲ ಸಾಲು, 'ರೋಗಿಯ ತೊಂದರೆ, ರೋಗಿಯದೇ ಮಾತಿನಲ್ಲಿ'. ಅದನ್ನು ಮಕ್ಕಳು ಕೇಳಿ ಬರೆಯಬೇಕು. ಪ್ರತಿ ಸಲ ಅದೇ ಉತ್ತರ ಬರುತ್ತದಲ್ಲ ಎಂದು ನಾನೇ ಟೈಪ್ ಮಾಡಿಸಿ ಜೆರಾಕ್ಸ್ ಹೊಡೆಸಿಟ್ಟಿದ್ದೆ: 'ದಮ್ಮು, ಕೆಮ್ಮು, ಎರಡು ವರ್ಷದಿಂದ.' ಹನ್ನೊಂದು ವರ್ಷವಾದರೂ ಆ ಹಾಳೆಯಲ್ಲಿ ಅಜ್ಜನ ದಮ್ಮಿಗೆ ಎರಡೇ ವರ್ಷ.

ಹೋದ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಆರು ಮಕ್ಕಳು. ಬೆಳಿಗ್ಗೆ ಹತ್ತಕ್ಕೆ ಅಜ್ಜ ಬಂದ. ಏಕನಾಥಮ್ಮ ಬಾಗಿಲಲ್ಲೇ ನನ್ನನ್ನು ತಡೆದಳು.

"ಯಾಸ್ಮಿನಮ್ಮ, ಬಸ್ಸಿನಾಗೆ ಒಂದೇ ಸಮ ಕೆಮ್ಮಿದ್ರು. ಆಗಿಂದ ಯಾಕೋ ಸರಿ ಇಲ್ಲ ಕಣವ್ವ."

ನನ್ನ ಕೈಯಲ್ಲಿ ಫೋನು, ಐಸಿಯುನಿಂದ ಕರೆ. "ಅವರದು ಯಾವಾಗಲೂ ಇದ್ದದ್ದೇ ಅಲ್ವೇನಮ್ಮ, ಕೂರಿಸ್ರಿ," ಎಂದೆ. ಬೆರಳಿಗೆ ಸಿಕ್ಕಿಸಿದ ಮೀಟರ್ ಆಕ್ಸಿಜನ್ ಎಂಬತ್ತೈದು ತೋರಿಸಿತು. ಅಜ್ಜನದು ಮಾಮೂಲಿ ಎಂಬತ್ತೊಂಬತ್ತು. ಬೆರಳು ತಣ್ಣಗಿರಬೇಕು ಅಂದುಕೊಂಡೆ. ನೋಡಿ, ಎಷ್ಟು ಸುಲಭವಾಗಿ ಅಂದುಕೊಂಡೆ!

ಐದು ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದರು. ನೋಡಿದರು, ಮುಟ್ಟಿದರು, ತಟ್ಟಿದರು, ಸ್ಟೆತಸ್ಕೋಪ್ ಇಟ್ಟರು. ಐದೂ ಜನರದ್ದು ಒಂದೇ ಉತ್ತರ, ಎರಡೂ ಕಡೆ ಸೀಟಿ, ಎರಡೂ ಕಡೆ ಟೊಳ್ಳು. ನಾನು ತಲೆಯೆತ್ತದೆ ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ.

ಕೊನೆಗೆ ಮೋನಿಕಾ. ರಾಮಗಿರಿಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿ. ಎಲ್ಲದರಲ್ಲೂ ನಿಧಾನ. ಇದೇ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು, ಈ ಸಲವೂ ಆದರೆ ಒಂದು ವರ್ಷ ಹೋದಂತೆ. ಸ್ಟೆತಸ್ಕೋಪ್ ಬಲಗಡೆ ಇಟ್ಟಳು, ಎಡಗಡೆ ಇಟ್ಟಳು, ಮತ್ತೆ ಬಲಗಡೆ, ಮತ್ತೆ ಎಡಗಡೆ. ನನಗೆ ರೇಗಿತು.

"ಏನೇ, ಇಲ್ಲೇ ಮನೆ ಮಾಡ್ತೀಯಾ?"

"ಎಡಗಡೆ ಏನೂ ಕೇಳಿಸ್ತಿಲ್ಲ ಮೇಡಂ."

"ನಿನಗಿಂತ ಮುಂಚೆ ಐದು ಜನಕ್ಕೆ ಕೇಳಿಸಿದೆ. ನಿನ್ನ ಕಿವಿ ಸರಿ ಇಲ್ವಾ, ಅವರ ಎದೆ ಸರಿ ಇಲ್ವಾ?"

ಅವಳ ಕಣ್ಣಲ್ಲಿ ನೀರು ತುಂಬಿತು. ಅಜ್ಜ ತಲೆ ಬಗ್ಗಿಸಿ ಪಿಸುಗುಟ್ಟಿದ. ಅವತ್ತು ಒಂದೊಂದು ಮಾತಿಗೂ ನಿಲ್ಲುತ್ತಿದ್ದ. ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

"ಎರಡೂ... ಕಡೆ... ಸೀಟಿ ಅನ್ನವ್ವ..."

"ಇಲ್ಲ ಅಜ್ಜ," ಎಂದಳು ಮೋನಿಕಾ, ನನಗೂ ಕೇಳುವಂತೆ. "ಕೇಳಿಸ್ದೇ ಇರೋದನ್ನ ಹೆಂಗೆ ಅನ್ಲಿ?"

ಶೀಟಿನಲ್ಲಿ ಸೊನ್ನೆ ಬರೆಯಲು ಪೆನ್ನು ಇಟ್ಟಿದ್ದೆ. ಅವಳು ಕಣ್ಣೊರೆಸಿಕೊಂಡು ತಟ್ಟಲು ಶುರು ಮಾಡಿದಳು. ಬಲಗಡೆ ಎರಡು ಸಲ. ಎಡಗಡೆ ಎರಡು ಸಲ. ಕಣ್ಣು ಮುಚ್ಚಿಕೊಂಡಿದ್ದ ಅಜ್ಜ ಥಟ್ಟನೆ ಕಣ್ಣು ಬಿಟ್ಟ.

"ಇನ್ನೊಂದ್ಸಲ ತಟ್ಟು."

ಅವಳು ತಟ್ಟಿದಳು. ಅಜ್ಜ ಕತ್ತು ವಾರೆ ಮಾಡಿ, ಬೇರೆ ಯಾರದೋ ಡೊಳ್ಳು ಪರೀಕ್ಷಿಸುವವನಂತೆ ಆಲಿಸಿದ. ಮೊದಲಿನ ಐವರು ಬೆರಳಾಡಿಸಿದ್ದರೇ ಹೊರತು ಸದ್ದು ಬರುವಂತೆ ತಟ್ಟಿರಲಿಲ್ಲ.

"ಯಾಸ್ಮಿನಮ್ಮ... ಹುಡುಗಿ... ದಿಟ ಹೇಳ್ತಾಳೆ. ಎಡಮಗ್ಗಲು... ಬ್ಯಾರೆ... ನುಡೀತೈತೆ."

ಯಾ ಅಲ್ಲಾ! ಎದ್ದ ರಭಸಕ್ಕೆ ಕುರ್ಚಿ ಬಿತ್ತು. ನಾನೇ ಕೈಯಿಟ್ಟೆ. ಎದೆಯ ಎಡಭಾಗ ಏಳುತ್ತಲೇ ಇರಲಿಲ್ಲ. ತಟ್ಟಿದರೆ ಖಾಲಿ ಡಬ್ಬದ ಸದ್ದು. ಸ್ಟೆತಸ್ಕೋಪ್ ಇಟ್ಟರೆ ಮೌನ. ಗಂಟಲ ಕೆಳಗೆ ಬೆರಳಿಟ್ಟು ನೋಡಿದೆ, ಉಸಿರ ಕೊಳವೆ ಕೊಂಚ ಬಲಕ್ಕೆ ಸರಿದಿತ್ತು. ಅಜ್ಜನ ಎಡ ಶ್ವಾಸಕೋಶ ಕೆಮ್ಮಿನ ರಭಸಕ್ಕೆ ಒಡೆದು, ಗಾಳಿ ಹೊರಗೆ ಸೋರಿ, ಅದು ಮುದುಡಿ ಬಿದ್ದಿತ್ತು. ನಾನು ಎರಡು ಮಾರು ದೂರದಲ್ಲಿ ಕೂತು ಮಾರ್ಕ್ಸ್ ಹಾಕುತ್ತಿದ್ದೆ.

ಮೋನಿಕಾ ಓಡಿಹೋಗಿ ಡಾಕ್ಟರ್ ಮಾರುತೇಶ್ ಅವರನ್ನು ಕರೆತರುವಷ್ಟರಲ್ಲಿ ನಾನು ಆಕ್ಸಿಜನ್ ಹಚ್ಚಿದ್ದೆ. ಅವರು ಒಂದು ಸಲ ನೋಡಿ, "ಟ್ಯೂಬ್ ರೆಡಿ ಮಾಡಿ, ಎಷ್ಟು ಹೊತ್ತಾಯ್ತು ಇದಾಗಿ?" ಎಂದರು. ಏಕನಾಥಮ್ಮ ಬಾಗಿಲಿನಿಂದ, "ಬಸ್ಸಿನಾಗೇ ಆಗೈತೆ ಸಾ, ನಾನು ಆಗ್ಲೇ ಹೇಳ್ದೆ," ಎಂದಳು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕೆಯಲ್ಲಿ ಟ್ಯೂಬ್ ಇಳಿಸಿದಾಗ ಕೆಳಗಿನ ಬಾಟಲಿಯ ನೀರಿನಲ್ಲಿ ಗಾಳಿ ಗುಳುಗುಳು ಎಂದು ಹೊರಬಂತು. ಮೀಟರ್ ಎಂಬತ್ತು, ಎಂಬತ್ತಾರು, ತೊಂಬತ್ತು. ಅಜ್ಜ ಉಳಿದ.

ಮೂರನೇ ದಿನ ಅವನ ಮಂಚದ ಪಕ್ಕ ಕೂತೆ. "ಅವತ್ತು ನೋವಿತ್ತಾ ಅಜ್ಜ?"

"ಬಸ್ಸಿನಾಗೇ ಚುಳ್ ಅಂತು. ಈಟಿ ತಿವಿದಂಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹುಡುಗ್ರ ಪರೀಕ್ಷೆ ನನ್ನಿಂದ ಕೆಡಬಾರ್ದು ಅಂತ." ಸ್ವಲ್ಪ ಹೊತ್ತು ತುಟಿ ಚೂಪು ಮಾಡಿ ಉಸಿರು ಬಿಟ್ಟ. "ಎದೆ ಮುಟ್ಟಿದ್ರು, ಬೆನ್ನು ತಟ್ಟಿದ್ರು. ಹೆಂಗದೀಯ ಅಂತ ಯಾರೂ ಕೇಳ್ಲಿಲ್ಲವಲ್ಲವ್ವ."

ಅವನು ದೂರಿದ್ದಲ್ಲ, ಸುಮ್ಮನೆ ಹೇಳಿದ್ದು. ನಾನು ಎದ್ದು ಸ್ಟೋರ್ ರೂಮಿಗೆ ಹೋಗಿ, ಸಿಲಿಂಡರ್‌ಗಳ ನಡುವೆ ನಿಂತು ಅತ್ತೆ. ನಾಚಿಕೆಯಾಗಿ ಅತ್ತೆ, ಅದಕ್ಕಿಂತ ದಣಿದು ಅತ್ತೆ. ಆಮೇಲೆ ಹದಿನೆಂಟು ಬಂದಿದ್ದ ಐದು ಶೀಟುಗಳನ್ನು ಹರಿದು, ಅವರಿಗೆ ಮತ್ತೆ ಪರೀಕ್ಷೆ ಇಟ್ಟೆ. ಅವರು ಮೇಲಿನವರಿಗೆ ದೂರು ಕೊಟ್ಟರು, ನಾನು ಬೈಸಿಕೊಂಡೆ. ಮೋನಿಕಾ ಪಾಸಾದಳು. ಈಗಲೂ ಎಲ್ಲದರಲ್ಲೂ ನಿಧಾನ, ನಾನೀಗ ಅವಳನ್ನು ಅವಸರಪಡಿಸುವುದಿಲ್ಲ.

ಈ ವರ್ಷ ಹೊಸ ಬ್ಯಾಚ್ ಬಂತು. ಪಾಠಕ್ಕೆ ಬೇರೆ ರೋಗಿಯನ್ನು ಗೊತ್ತು ಮಾಡಿಕೊಂಡಿದ್ದೆ, ಆದರೆ ಅಜ್ಜನೇ ಹೇಳಿ ಕಳಿಸಿದ, ಬರ್ತೀನಿ ಅಂತ. ಬಂದ. ಇನ್ನಷ್ಟು ಸೊರಗಿದ್ದ, ಕೋಲಿನ ಮೇಲೆ ಇನ್ನಷ್ಟು ಬಾಗಿದ್ದ. ಮಕ್ಕಳ ಕೈಗೆ ಶೀಟು ಕೊಟ್ಟೆ. ಮೊದಲ ಸಾಲು ಖಾಲಿ ಬಿಟ್ಟಿದ್ದೆ. ಹೇಗೆ ಕೇಳಬೇಕೆಂದು ತೋರಿಸಲು ನಾನೇ ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

"ಹೇಗಿದ್ದೀರಿ ಅಜ್ಜ? ಏನು ತೊಂದರೆ?"

'ದಮ್ಮು, ಕೆಮ್ಮು' ಎನ್ನುತ್ತಾನೆ ಎಂದುಕೊಂಡಿದ್ದೆ. ಅಜ್ಜ ನನ್ನನ್ನೇ ನೋಡಿದ. ಮಕ್ಕಳು ಕಾಲು ಬದಲಾಯಿಸಿ ನಿಂತರು.

"ಸುಸ್ತಾಗೈತೆ ಕಣವ್ವ," ಎಂದ. "ಉಸಿರು ಎಳ್ದು ಎಳ್ದು ಸುಸ್ತಾಗೈತೆ. ಸಾಕು ಅನ್ನಿಸ್ತೈತೆ. ಇವ್ಳೊಬ್ಳೇ ಆಗ್ತಾಳಲ್ಲ ಅಂತ ಎಳೀತಾ ಅದೀನಿ."

ಏಕನಾಥಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಐವತ್ತು ವರ್ಷದ ಸಂಸಾರದಲ್ಲಿ ಅವಳೂ ಇದನ್ನು ಮೊದಲ ಸಲ ಕೇಳುತ್ತಿದ್ದಳೆಂದು ಕಾಣುತ್ತದೆ. ಪೆನ್ನು ಹಿಡಿದು ನಿಂತಿದ್ದ ಹುಡುಗಿ, "ಇದನ್ನ ಏನಂತ ಬರೀಲಿ ಮೇಡಂ?" ಎಂದಳು.

"ಅಜ್ಜ ಹೇಳಿದ ಹಾಗೆಯೇ ಬರಿ, ಒಂದಕ್ಷರ ಬಿಡಬೇಡ," ಎಂದೆ.

ಅವಳು ಬರೆದು ಮುಗಿಸುವವರೆಗೆ ಅಜ್ಜ ಕಾದ. ಆಮೇಲೆ ಕೋಲನ್ನು ಏಕನಾಥಮ್ಮನ ಕೈಗೆ ಕೊಟ್ಟು, ಕಂಬಳಿಯನ್ನು ತಾನೇ ಹೆಗಲಿನಿಂದ ಇಳಿಸಿದ.

"ಹೂಂ, ಈಗ ತಟ್ರಿ," ಎಂದ.